ಕೌಲಿಂಗ್ ಮುಚ್ಚುವ ಮೊದಲು

ಸಣ್ಣ ವಿಮಾನಗಳ ಮಾಲೀಕರು ಮತ್ತು ಹಾರಾಟ ಕಲಿಯುತ್ತಿರುವವರ ಮುಂದೆ ಮಾಡಿದ ಉಪನ್ಯಾಸ ಇದು. ಅವತ್ತು ಹೊತ್ತು ಸಾಲದೆ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಹೇಳಿದ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಜಾಸ್ತಿ ಜನ ವಿಮಾನ ಹಾರಿಸುವವರು. ನಾನು ಹ್ಯಾಂಗರ್‌ನಲ್ಲಿ ಕೆಲಸ ಮಾಡುವವನು. ನಿಮ್ಮ ಕೈಗೆ ಬರುವಾಗ ವಿಮಾನದ ಮುಚ್ಚಳಗಳೆಲ್ಲ ಮುಚ್ಚಿರುತ್ತವೆ, ಮೈ ಒರೆಸಿ ಶುಚಿಯಾಗಿರುತ್ತದೆ, ಲಾಗ್‌ಬುಕ್‌ನಲ್ಲಿ ಸಹಿ ಬಿದ್ದಿರುತ್ತದೆ. ನನ್ನ ಕೈಯಲ್ಲಿರುವಾಗ ಅದು ಹಾಗಿರುವುದಿಲ್ಲ. ಎಂಜಿನ್ನಿನ ಹೊದಿಕೆ, ಅಂದರೆ ಕೌಲಿಂಗ್, ಗೋಡೆಗೆ ಒರಗಿರುತ್ತದೆ. ಸೀಟುಗಳು ಹೊರಗೆ ಬಂದಿರುತ್ತವೆ. ರೆಕ್ಕೆಯ ಅಡಿಯಲ್ಲಿರುವ ಚಿಕ್ಕ ಚಿಕ್ಕ ಮುಚ್ಚಳಗಳನ್ನೆಲ್ಲ ಬಿಚ್ಚಿ, ಅವುಗಳ ಸ್ಕ್ರೂಗಳನ್ನು ಡಬ್ಬಿಗಳಲ್ಲಿ ಹಾಕಿಟ್ಟಿರುತ್ತೇವೆ. ಈ ಎರಡು ಸ್ಥಿತಿಗಳ ನಡುವೆ ಏನು ನಡೆಯುತ್ತದೆ ಅನ್ನೋದನ್ನು ಹೇಳೋಕೆ ಬಂದಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಮುಂದೆ ಹೇಳುವುದೆಲ್ಲ ಅದರ ಸುತ್ತಲೇ ಇರುತ್ತದೆ. ತಪಾಸಣೆ ಅಂದರೆ ನೋಡುವುದು. ರಿಪೇರಿ ಬೇರೆ, ಬಿಡಿಭಾಗ ಬದಲಿಸುವುದು ಬೇರೆ. ಆದರೆ ನೋಡಬೇಕಾದರೆ ಬಿಚ್ಚಬೇಕು, ಬಿಚ್ಚಿದ್ದನ್ನು ಮತ್ತೆ ಜೋಡಿಸಬೇಕು, ಹಾಗೆ ಜೋಡಿಸುವಾಗಲೇ ಹೊಸ ತಪ್ಪು ಒಳಗೆ ಸೇರಿಕೊಳ್ಳುವುದು. ಹಾಗಾಗಿ ಒಳ್ಳೆಯ ತಪಾಸಣೆಯಲ್ಲಿ ಎರಡು ಸಲ ನೋಡುವುದಿದೆ. ಬಿಚ್ಚಿದ ಮೇಲೆ ಒಮ್ಮೆ, ಮುಚ್ಚುವ ಮೊದಲು ಇನ್ನೊಮ್ಮೆ. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ. ಎರಡನೆಯದಕ್ಕೆ ಯಾವಾಗಲೂ ಸಮಯ ಸಾಲುವುದಿಲ್ಲ.

ನಿಯಮಗಳು ದೇಶದಿಂದ ದೇಶಕ್ಕೆ ಬೇರೆ ಬೇರೆ. ಉದಾಹರಣೆಗೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ನಿಯಮ ನೋಡಿ. ಅಲ್ಲಿ ಸಣ್ಣ ವಿಮಾನಕ್ಕೆ 12 ತಿಂಗಳಿಗೊಮ್ಮೆ ವಾರ್ಷಿಕ ತಪಾಸಣೆ ಆಗಬೇಕು. ಬಾಡಿಗೆಗೆ ಜನರನ್ನು ಒಯ್ಯುವ ವಿಮಾನಕ್ಕೆ, ಅಥವಾ ಕಲಿಸುವವರೇ ಒದಗಿಸಿ ದುಡ್ಡು ತೆಗೆದುಕೊಂಡು ಕಲಿಸುವ ವಿಮಾನಕ್ಕೆ, ಇದರ ಜೊತೆಗೆ ಪ್ರತಿ 100 ಗಂಟೆ ಹಾರಾಟಕ್ಕೊಮ್ಮೆ ಇನ್ನೊಂದು. ತಪಾಸಣೆ ನಡೆಯುವ ಜಾಗಕ್ಕೆ ತಲುಪುವುದಕ್ಕೆ ಮಾತ್ರ 10 ಗಂಟೆವರೆಗೆ ದಾಟಬಹುದು, ಆದರೆ ಆ ಗಂಟೆಗಳನ್ನು ಮುಂದಿನ 100ರಿಂದ ಕಳೆಯಬೇಕು. ಎರಡರಲ್ಲೂ ನೋಡುವ ಪಟ್ಟಿ ಒಂದೇ, ವಾರ್ಷಿಕಕ್ಕೆ ಸಹಿ ಹಾಕುವವರಿಗೆ ಜಾಸ್ತಿ ಅರ್ಹತೆ ಬೇಕು ಅಷ್ಟೇ.

ಗಂಟೆಯ ಲೆಕ್ಕವೂ ಯಾಕೆ, ತಿಂಗಳ ಲೆಕ್ಕವೂ ಯಾಕೆ ಅಂತ ಹಲವರು ಕೇಳುತ್ತಾರೆ. ಸವೆತಕ್ಕೆ ಗಂಟೆ ಗೊತ್ತು, ತುಕ್ಕಿಗೆ ದಿನ ಗೊತ್ತು. ದಿನಾ ಹಾರುವ ತರಬೇತಿ ವಿಮಾನದಲ್ಲಿ ಟೈರು, ಬ್ರೇಕು, ಮುಂದಿನ ಚಕ್ರದ ಕಾಲು ಸವೆಯುತ್ತವೆ. ತಿಂಗಳಿಗೊಮ್ಮೆ ಹಾರುವ ವಿಮಾನದಲ್ಲಿ ಇವೆಲ್ಲ ಹೊಸದರಂತೆ ಇರುತ್ತವೆ, ಎಂಜಿನ್ ಮಾತ್ರ ಒಳಗೊಳಗೇ ತುಕ್ಕು ಹಿಡಿಯುತ್ತಿರುತ್ತದೆ.

ನಿಂತ ವಿಮಾನದ ಬಗ್ಗೆ ನನಗೆ ನಿಜವಾಗಿ ಸಂಕಟ ಆಗುತ್ತದೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮಲ್ಲಿ ಹಲವರ ವಿಮಾನದಲ್ಲಿರುವ ಲೈಕಮಿಂಗ್ ಎಂಜಿನ್‌ಗಳಲ್ಲಿ ವಾಲ್ವ್‌ಗಳನ್ನು ತೆರೆಯುವ ದಂಡ, ಅಂದರೆ ಕ್ಯಾಮ್‌ಶಾಫ್ಟ್, ಇರುವುದು ಪ್ರೊಪೆಲರ್ ತಿರುಗಿಸುವ ದಂಡವಾದ ಕ್ರ್ಯಾಂಕ್‌ಶಾಫ್ಟ್‌ನ ಮೇಲೆ. ಎಂಜಿನ್ ತಿರುಗುವಾಗ ಎಣ್ಣೆ ಚಿಮ್ಮಿ ಅದನ್ನು ನೆನೆಸುತ್ತದೆ. ನಿಲ್ಲಿಸಿದ ಮೇಲೆ ಎಣ್ಣೆ ನಿಧಾನವಾಗಿ ಕೆಳಗಿಳಿಯುತ್ತದೆ. ವಾರಗಟ್ಟಲೆ ನಿಂತರೆ ಮೇಲೆ ಉಳಿಯುವುದು ತೆಳ್ಳಗಿನ ಒಂದು ಪದರ, ಆಮೇಲೆ ಅದೂ ಇಲ್ಲ. ಎಂಜಿನ್ ಉರಿದಾಗ ಹುಟ್ಟಿದ ನೀರಿನ ಆವಿ ಒಳಗೇ ತಣ್ಣಗಾಗಿ ಕೂತಿರುತ್ತದೆ. ಕ್ಯಾಮ್‌ನ ನುಣುಪು ಮೈ ಮೇಲೆ ತುಕ್ಕಿನ ಚುಕ್ಕಿ ಏಳುತ್ತದೆ. ಮುಂದಿನ ಸಲ ಎಂಜಿನ್ ಶುರು ಮಾಡಿದಾಗ ಆ ಚುಕ್ಕಿ ಇದ್ದ ಜಾಗದಿಂದ ಉಕ್ಕಿನ ಪುಡಿ ಏಳೋಕೆ ಶುರು.

ಇದಕ್ಕೆ ಕೆಲವರು ಮಾಡುವ ಉಪಾಯ, ವಾರಕ್ಕೊಮ್ಮೆ ಬಂದು ನೆಲದ ಮೇಲೆ ಹತ್ತು ನಿಮಿಷ ಎಂಜಿನ್ ಓಡಿಸಿ ಹೋಗುವುದು. ದಯವಿಟ್ಟು ಹಾಗೆ ಮಾಡಬೇಡಿ. ಎಣ್ಣೆಯೊಳಗಿನ ನೀರು ಆವಿಯಾಗಿ ಹೋಗಬೇಕಾದರೆ ಎಣ್ಣೆ ಸುಮಾರು 82 ಡಿಗ್ರಿ ಸೆಲ್ಸಿಯಸ್ ಆದರೂ ಮುಟ್ಟಬೇಕು, ಅಷ್ಟು ಬಿಸಿಯಲ್ಲೇ ಸ್ವಲ್ಪ ಹೊತ್ತು ಇರಬೇಕು. ನೆಲದ ಮೇಲೆ ಅದು ಆಗುವುದಿಲ್ಲ. ಇದ್ದ ನೀರಿಗೆ ಇನ್ನಷ್ಟು ಸೇರಿಸಿ ಹೋಗಿರುತ್ತೀರಿ. ಹಾರಿಸಿ, ಇಲ್ಲವೇ ಸುಮ್ನೆ ಬಿಡಿ. ತಿಂಗಳುಗಟ್ಟಲೆ ನಿಲ್ಲಿಸುವುದೇ ಆದರೆ ಅದಕ್ಕೆಂದೇ ಇರುವ ರಕ್ಷಣೆಯ ಎಣ್ಣೆ ಇದೆ, ನಿಮ್ಮ ಮೆಕ್ಯಾನಿಕ್‌ಗೆ ಹೇಳಿ ಹಾಕಿಸಿ.

ಒಳಗೆ ಏನಾಗುತ್ತಿದೆ ಅಂತ ತಿಳಿಯೋಕೆ ಇರುವ ಒಳ್ಳೆಯ ದಾರಿ ಆಯಿಲ್ ಫಿಲ್ಟರ್. ಫಿಲ್ಟರ್ ಇರುವ ಎಂಜಿನ್‌ಗೆ ಸಾಮಾನ್ಯವಾಗಿ 50 ಗಂಟೆಗೊಮ್ಮೆ ಅಥವಾ 4 ತಿಂಗಳಿಗೊಮ್ಮೆ, ಯಾವುದು ಮೊದಲೋ ಆಗ, ಎಣ್ಣೆ ಬದಲಿಸಬೇಕು. ಹಳೆಯ ಫಿಲ್ಟರ್ ಬಿಸಾಡುವಂತಿಲ್ಲ. ಅದರ ಡಬ್ಬಿಯನ್ನು ಅದಕ್ಕೆಂದೇ ಇರುವ ಕಟ್ಟರ್‌ನಿಂದ ಸುತ್ತಲೂ ಕತ್ತರಿಸುತ್ತೇವೆ. ಗರಗಸ ಹಾಕಿದರೆ ಗರಗಸದ ಪುಡಿಯೇ ಒಳಗೆ ಬಿದ್ದು, ಸಿಕ್ಕಿದ್ದು ಯಾರದ್ದು ಅಂತ ಗೊತ್ತಾಗುವುದಿಲ್ಲ. ಒಳಗಿನ ಮಡಿಕೆ ಮಡಿಕೆ ಕಾಗದವನ್ನು ಹಿಂಡಿ, ಹರಡಿ, ಬೆಳಕಿನಲ್ಲಿ ನೋಡುತ್ತೇವೆ. ಹೊಳೆಯುವ ಚೂರು ಸಿಕ್ಕರೆ ಅಯಸ್ಕಾಂತ ಹಿಡಿಯುತ್ತೇವೆ. ಅಂಟಿಕೊಂಡರೆ ಉಕ್ಕು, ಕ್ಯಾಮ್ ಮತ್ತು ಅದು ತಳ್ಳುವ ಲಿಫ್ಟರ್ ಕಡೆ ಅನುಮಾನ ಹೋಗುತ್ತದೆ. ಅಂಟದಿದ್ದರೆ ಅಲ್ಯೂಮಿನಿಯಂ ಇರಬಹುದು, ಪಿಸ್ಟನ್ ಅಥವಾ ಪಿಸ್ಟನ್ ಪಿನ್ನಿನ ತುದಿಯ ಬಿರಡೆಯಿಂದ ಬಂದದ್ದಿರಬಹುದು. ಹೊಸ ಎಂಜಿನ್ನಿನಲ್ಲಿ ಸ್ವಲ್ಪ ಚೂರು ಬರುವುದು ಸಹಜ. ಹಳೆಯ ಎಂಜಿನ್ನಿನಲ್ಲಿ ಹೋದ ಸಲ ಇಲ್ಲದ್ದು ಈ ಸಲ ಇದ್ದರೆ, ಎಷ್ಟು ಸಿಕ್ಕಿತು ಅನ್ನೋದನ್ನು ತಯಾರಕರ ಪಟ್ಟಿಗೆ ಹೋಲಿಸಿ, ಮತ್ತೆ ಹಾರಬಹುದಾ, ಬೇಗನೆ ಇನ್ನೊಮ್ಮೆ ಫಿಲ್ಟರ್ ನೋಡಬೇಕಾ, ಎಂಜಿನ್ ಬಿಚ್ಚಬೇಕಾ ಅಂತ ತೀರ್ಮಾನ ಮಾಡುತ್ತೇವೆ. ಅದಕ್ಕೇ ನಾನು ಪ್ರತಿ ಸಲವೂ ಆ ಕಾಗದದ ಫೋಟೊ ತೆಗೆದು ದಿನಾಂಕ ಬರೆದಿಡುತ್ತೇನೆ. ನೆನಪಿನ ಮೇಲೆ ಹೋಲಿಸೋಕೆ ಆಗುವುದಿಲ್ಲ, ಅಲ್ವಾ?

ಇನ್ನು ಕಂಪ್ರೆಷನ್ ಪರೀಕ್ಷೆ. ಇದನ್ನು ನೋಡುವುದಕ್ಕಿಂತ ಕೇಳಬೇಕು. ಎಂಜಿನ್ ಬಿಸಿ ಇರುವಾಗಲೇ ಸ್ಪಾರ್ಕ್ ಪ್ಲಗ್ ತೆಗೆದು, ಪಿಸ್ಟನ್ ಅನ್ನು ಮೇಲಿನ ತುದಿಗೆ ತಂದು, ಸಿಲಿಂಡರ್ ಒಳಗೆ 80 ಪಿಎಸ್‌ಐ ಒತ್ತಡದ ಗಾಳಿ ಬಿಡುತ್ತೇವೆ. ಒಬ್ಬರು ಪ್ರೊಪೆಲರ್ ಗಟ್ಟಿಯಾಗಿ ಹಿಡಿದಿರಬೇಕು, ಯಾಕೆಂದರೆ ಆ ಗಾಳಿಗೆ ಅದು ಥಟ್ಟನೆ ತಿರುಗಿ ಕೈಗೆ ಬಡಿಯಬಹುದು. ಎರಡನೇ ಗೇಜ್‌ನಲ್ಲಿ ಎಷ್ಟು ಉಳಿಯಿತು ಅಂತ ನೋಡಿ 80ಕ್ಕೆ 72, 80ಕ್ಕೆ 68 ಅಂತ ಬರೆಯುತ್ತೇವೆ. ಮಾಲೀಕರ ಕಣ್ಣೆಲ್ಲ ಈ ಸಂಖ್ಯೆಯ ಮೇಲೆ. ನನ್ನ ಕಿವಿ ಗಾಳಿ ಎಲ್ಲಿಂದ ಸೋರುತ್ತಿದೆ ಅನ್ನೋದರ ಕಡೆ. ಎಕ್ಸಾಸ್ಟ್ ಪೈಪಿನಲ್ಲಿ ಸುಸ್ ಅಂತ ಕೇಳಿದರೆ ಎಕ್ಸಾಸ್ಟ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಗಾಳಿ ಒಳಗೆ ಎಳೆದುಕೊಳ್ಳುವ ಕಡೆ ಕೇಳಿದರೆ ಇನ್‌ಟೇಕ್ ವಾಲ್ವ್. ಎಣ್ಣೆ ಹಾಕುವ ಬಾಯಿಯಲ್ಲಿ ಕೇಳಿದರೆ ಪಿಸ್ಟನ್ ರಿಂಗ್ ದಾಟಿ ಬರುತ್ತಿದೆ. ರಿಂಗ್ ಸ್ವಲ್ಪ ಸೋರುವುದು ದೊಡ್ಡ ವಿಷಯವಲ್ಲ, ಒಂದು ಗಂಟೆ ಹಾರಿ ಬಂದು ಮತ್ತೆ ಅಳೆದರೆ ಸಂಖ್ಯೆ ಏರಿದ್ದೂ ಇದೆ. ಎಕ್ಸಾಸ್ಟ್ ವಾಲ್ವ್ ಸೋರುವುದು ಬೇರೆಯೇ. ಅದು ಸುಡುತ್ತಾ ಹೋಗಿ ಒಂದು ದಿನ ಚೂರಾದರೆ ಆ ಸಿಲಿಂಡರ್ ಮುಗಿಯಿತು. ಹಾಗಾಗಿ ಪ್ಲಗ್ ರಂಧ್ರದಿಂದ ಬೋರ್‌ಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಇಳಿಸಿ ವಾಲ್ವ್‌ನ ಮುಖ ನೋಡುತ್ತೇವೆ. ಆರೋಗ್ಯವಾಗಿರುವ ವಾಲ್ವ್‌ನ ಮೇಲೆ ಬಣ್ಣದ ಉಂಗುರಗಳು ನಡುವಿನಿಂದ ಸಮನಾಗಿ ಹರಡಿರುತ್ತವೆ. ಒಂದು ಪಕ್ಕ ಮಾತ್ರ ಬೇರೆ ಬಣ್ಣಕ್ಕೆ ತಿರುಗಿದ್ದರೆ ಆ ಅಂಚಿನಲ್ಲಿ ಬಿಸಿ ಜಾಸ್ತಿ ಆಗುತ್ತಿದೆ ಅಂತ ಅರ್ಥ. ಇಂಥದ್ದನ್ನು ಸಂಖ್ಯೆ ಹೇಳುವುದಕ್ಕೆ ಎಷ್ಟೋ ಮೊದಲೇ ಕಣ್ಣು ಹೇಳುತ್ತದೆ.

ಸ್ಪಾರ್ಕ್ ಪ್ಲಗ್ ಬಗ್ಗೆ ಒಂದೇ ಮಾತು. ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ ಅನ್ನು ವಾಪಸ್ ಹಾಕಬೇಡಿ, ಒಳಗಿನ ಪಿಂಗಾಣಿ ಬಿರುಕು ಬಿಟ್ಟಿದ್ದರೆ ಹೊರಗಿನಿಂದ ಕಾಣುವುದಿಲ್ಲ.

ಎಕ್ಸಾಸ್ಟ್ ಅನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಹೆಚ್ಚಿನ ಸಣ್ಣ ವಿಮಾನಗಳಲ್ಲಿ ಒಳಗೆ ಕೂತವರಿಗೆ ಬೆಚ್ಚಗಿನ ಗಾಳಿ ಬರುವುದು ಎಕ್ಸಾಸ್ಟ್‌ನ ಸದ್ದು ತಗ್ಗಿಸುವ ಮಫ್ಲರ್‌ನ ಸುತ್ತಲಿನ ಹೊದಿಕೆಯಿಂದ. ಮಫ್ಲರ್ ಬಿರುಕು ಬಿಟ್ಟರೆ ಕಾರ್ಬನ್ ಮೊನಾಕ್ಸೈಡ್ ಆ ಬೆಚ್ಚಗಿನ ಗಾಳಿಯ ಜೊತೆಗೇ ಒಳಗೆ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ಮಂಕು, ನಿದ್ದೆ ಬಂದಂತಾಗುವುದು, ಅಷ್ಟರಲ್ಲಿ ಪೈಲಟ್‌ನ ಬುದ್ಧಿಯೇ ಮಬ್ಬಾಗಿರುತ್ತದೆ. ಹಾಗಾಗಿ ಆ ಹೊದಿಕೆ ತೆಗೆಯದೆ ಮಫ್ಲರ್ ಸರಿ ಇದೆ ಅಂತ ಬರೆಯುವುದು ಸುಳ್ಳು ಬರೆದ ಹಾಗೆ. ಬಿರುಕು ಹುಡುಕೋಕೆ ದೊಡ್ಡ ಯಂತ್ರವೇನೂ ಬೇಡ. ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಊದುವ ಬದಿಯನ್ನು ಎಕ್ಸಾಸ್ಟ್ ಪೈಪಿಗೆ ಜೋಡಿಸಿ, ಮೇಲೆಲ್ಲ ಸೋಪಿನ ನೀರು ಹಚ್ಚಿದರೆ ಬಿರುಕಿದ್ದಲ್ಲಿ ಗುಳ್ಳೆ ಏಳುತ್ತದೆ. ಪೈಪಿನ ಜೋಡಣೆಗಳಲ್ಲಿ ಸ್ವಲ್ಪ ಗುಳ್ಳೆ ಬರುವುದು ಇದ್ದದ್ದೇ, ಮಫ್ಲರ್‌ನ ಮೈಯಲ್ಲಿ ಒಂದೂ ಬರಬಾರದು. ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಹಿಡಿದು ಕೂಗುವ ಸಣ್ಣ ಯಂತ್ರವೊಂದನ್ನು ವಿಮಾನದಲ್ಲಿ ಇಟ್ಟುಕೊಳ್ಳಿ. ನಿಯಮ ಕೇಳಲಿ, ಬಿಡಲಿ.

ವಿಮಾನದ ಮೈಗೆ ಬರೋಣ. ರೆಕ್ಕೆ ಮತ್ತು ಬಾಲದ ಕಡೆಗೆ ಹೋಗುವ ಕಂಟ್ರೋಲ್ ಕೇಬಲ್‌ಗಳ ಮೇಲೆ ಬಟ್ಟೆ ಎಳೆದು ನೋಡುತ್ತೇವೆ, ಎಳೆ ಕಿತ್ತಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಆದರೆ ಕೇಬಲ್ ಸವೆಯುವುದು ಪುಲ್ಲಿಯ ಮೇಲೆ ಬಾಗುವ ಜಾಗದಲ್ಲಿ, ಆ ಭಾಗ ಪುಲ್ಲಿಯ ಒಳಗೇ ಅಡಗಿರುತ್ತದೆ. ಹಾಗಾಗಿ ಒಬ್ಬರು ಒಳಗೆ ಕೂತು ಕಂಟ್ರೋಲ್ ಅನ್ನು ಆ ತುದಿಯಿಂದ ಈ ತುದಿಗೆ ಚಲಿಸುತ್ತಿರಬೇಕು, ಇನ್ನೊಬ್ಬರು ನೋಡುತ್ತಿರಬೇಕು.

ಸೀಟಿನ ಹಳಿ ಯಾರಿಗೂ ನೆನಪಾಗುವುದಿಲ್ಲ. ಸೆಸ್ನಾ ವಿಮಾನಗಳಲ್ಲಿ ಸೀಟನ್ನು ಹಿಡಿಯುವುದು ಹಳಿಯಲ್ಲಿರುವ ರಂಧ್ರಕ್ಕೆ ಇಳಿಯುವ ಒಂದು ಪಿನ್. ವರ್ಷಗಟ್ಟಲೆ ಹಿಂದೆ ಮುಂದೆ ಸರಿಸಿ ಆ ರಂಧ್ರ ಅಗಲವಾಗುತ್ತದೆ, ಪಿನ್ ಸವೆಯುತ್ತದೆ. ವಿಮಾನ ಮೇಲೇಳುವಾಗ ಪಿನ್ ಜಾರಿತು ಅಂದುಕೊಳ್ಳಿ. ಸೀಟು ಹಿಂದಕ್ಕೆ ಹೋಗುತ್ತದೆ, ಪೈಲಟ್ ಕೈಯಲ್ಲಿದ್ದ ಕಂಟ್ರೋಲ್ ಅನ್ನು ಆಸರೆಗೆ ಹಿಡಿದು ಎಳೆಯುತ್ತಾನೆ, ಮೂಗು ಮೇಲಕ್ಕೆ ಏಳುತ್ತದೆ, ವೇಗ ಸಾಲದೆ ವಿಮಾನ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆಗೆ ಅದನ್ನು ಎತ್ತಿ ಹಿಡಿಯೋಕೆ ಆಗುವುದಿಲ್ಲ. ಹೀಗೆ ಜೀವ ಹೋಗಿವೆ. ಎಫ್‌ಎಎ ಇದರ ಬಗ್ಗೆ 1987ರಲ್ಲಿ ಕಡ್ಡಾಯ ಆದೇಶ ಹೊರಡಿಸಿತು, 2011ರಲ್ಲಿ ಅದನ್ನು ಬದಲಿಸಿ ಇನ್ನೊಂದು ತಂದಿತು. ಎಂಜಿನ್ ನೋಡಿದಷ್ಟೇ ಗಮನದಿಂದ ನಾನು ಸೀಟಿನ ಕೆಳಗೆ ಟಾರ್ಚ್ ಹಿಡಿದು ಮಲಗುತ್ತೇನೆ.

ಕಣ್ಣಿಗೆ ಕಾಣದ್ದೂ ಇದೆ, ಅದನ್ನೂ ಒಪ್ಪಿಕೊಳ್ಳಬೇಕು. 2018ರ ಏಪ್ರಿಲ್ 4ರಂದು ಅಮೆರಿಕದ ಡೇಟೋನಾ ಬೀಚ್‌ನಲ್ಲಿ ಪೈಪರ್ ಪಿಎ-28ಆರ್-201 ತರಬೇತಿ ವಿಮಾನವೊಂದರ ಎಡ ರೆಕ್ಕೆ ಹಾರಾಟದಲ್ಲೇ ಮುರಿದು ಬಿತ್ತು. ಪರೀಕ್ಷೆ ಕೊಡುತ್ತಿದ್ದ ಪೈಲಟ್, ಪರೀಕ್ಷಕ, ಇಬ್ಬರೂ ತೀರಿಕೊಂಡರು. ರೆಕ್ಕೆಯ ಮುಖ್ಯ ತೊಲೆ, ಅಂದರೆ ಸ್ಪಾರ್, ಅದರ ಕೆಳಭಾಗದ ಬೋಲ್ಟ್ ರಂಧ್ರದಿಂದ ಶುರುವಾದ ಆಯಾಸದ ಬಿರುಕು ಒಳಗೊಳಗೇ ಬೆಳೆದಿತ್ತು. ಬೋಲ್ಟ್ ಜಾಗದಲ್ಲೇ ಇರುವಾಗ ಆ ಬಿರುಕನ್ನು ಟಾರ್ಚ್ ಹಿಡಿದು ನೋಡೋಕೆ ಆಗುವುದಿಲ್ಲ. ಆಮೇಲೆ 2021ರಲ್ಲಿ ಜಾರಿಗೆ ಬಂದ ಆದೇಶದ ಪ್ರಕಾರ, ಹೆಚ್ಚು ದುಡಿದ ಇಂಥ ಎಷ್ಟೋ ಪೈಪರ್ ವಿಮಾನಗಳಲ್ಲಿ ಬೋಲ್ಟ್ ತೆಗೆದು ಎಡ್ಡಿ ಕರೆಂಟ್ ಎಂಬ ವಿದ್ಯುತ್ ವಿಧಾನದಿಂದ ರಂಧ್ರದ ಒಳಗೋಡೆ ಪರೀಕ್ಷಿಸಬೇಕಾಯಿತು. ಹಾಗಾಗಿ ವಿಮಾನದ ಇತಿಹಾಸ ಗೊತ್ತಿರಬೇಕು. ಎಷ್ಟು ವರ್ಷ ತರಬೇತಿಗೆ ಬಳಸಿದರು, ಎಷ್ಟು ಸಲ ಬಡಿದು ಇಳಿಯಿತು, ರೆಕ್ಕೆ ಯಾವಾಗಲಾದರೂ ಬದಲಾಗಿತ್ತಾ. ಲಾಗ್‌ಬುಕ್ ಓದುವುದು ತಪಾಸಣೆಯ ಅರ್ಧ ಕೆಲಸ.

ಈಗ ಮೊದಲು ಹೇಳಿದ ವಿಷಯಕ್ಕೆ ಬರುತ್ತೇನೆ, ತಪಾಸಣೆಯೇ ತಂದಿಡುವ ಅಪಾಯಕ್ಕೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯ ಕೋಸ್ಟಲ್ ಕಮಾಂಡ್ ಸಮುದ್ರದ ಮೇಲೆ ಹಾರಿ ಜಲಾಂತರ್ಗಾಮಿಗಳನ್ನು ಹುಡುಕುತ್ತಿತ್ತು. ಅಲ್ಲಿ ಲೆಕ್ಕಾಚಾರಕ್ಕೆ ಕೂತಿದ್ದವರಲ್ಲಿ ಸಿ. ಎಚ್. ವಾಡಿಂಗ್ಟನ್ ಎಂಬ ಜೀವವಿಜ್ಞಾನಿ ಇದ್ದರು. ವಿಮಾನಗಳಿಗೆ 50 ಗಂಟೆ ಹಾರಾಟಕ್ಕೊಮ್ಮೆ ತಪಾಸಣೆ ನಡೆಯುತ್ತಿತ್ತು. ಅನಿರೀಕ್ಷಿತವಾಗಿ ಬರುವ ರಿಪೇರಿಗಳನ್ನು ಹಾರಾಟದ ಗಂಟೆಗೆ ಎದುರಾಗಿ ಬರೆದು ನೋಡಿದಾಗ, ತಪಾಸಣೆ ಹತ್ತಿರ ಬಂದಂತೆ ರಿಪೇರಿ ಹೆಚ್ಚಬೇಕು, ಮುಗಿದ ಮೇಲೆ ಕಡಿಮೆಯಾಗಬೇಕು ಅಂತ ಯಾರಾದರೂ ಎಣಿಸುತ್ತಾರೆ. ಕಂಡದ್ದು ತಿರುಗುಮುರುಗು. ತಪಾಸಣೆ ಮುಗಿದ ಕೂಡಲೇ ರಿಪೇರಿ ಏರುತ್ತಿತ್ತು, ಗಂಟೆ ಕಳೆದಂತೆ ಇಳಿಯುತ್ತಿತ್ತು, ಮುಂದಿನ ತಪಾಸಣೆ ಆದ ಮೇಲೆ ಮತ್ತೆ ಏರಿಕೆ. ಸರಿಯಾಗಿ ಕೂತಿದ್ದ ಭಾಗಗಳನ್ನು ಕದಲಿಸಿದ್ದೇ ಕಾರಣ ಅಂತ ಅವರು ತೀರ್ಮಾನಿಸಿದರು. 1978ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ನೌಲನ್ ಮತ್ತು ಹೀಪ್ ದೊಡ್ಡ ವಿಮಾನಗಳ ಬಗ್ಗೆ ಬರೆದ ವರದಿಯಲ್ಲೂ ಇದಕ್ಕೆ ಹತ್ತಿರದ ಮಾತೇ ಇತ್ತು. ಇಷ್ಟು ಗಂಟೆಯಾಯಿತು ಅಂತ ಬಿಚ್ಚಿ ಬದಲಿಸುವುದರಿಂದ ಲಾಭವಾಗುವ ಭಾಗಗಳು ನಾವು ಅಂದುಕೊಂಡದ್ದಕ್ಕಿಂತ ತುಂಬ ಕಡಿಮೆ.

ಇದನ್ನು ಹಿಡಿದುಕೊಂಡು ತಪಾಸಣೆ ಬೇಡ ಅಂತ ಯಾರೂ ಹೊರಡಬೇಡಿ. ಬಿಚ್ಚದೆ ನೋಡಲು ಆಗುವುದನ್ನು ಬಿಚ್ಚಬೇಡಿ, ಬಿಚ್ಚಿದ್ದರ ಲೆಕ್ಕ ಇಡಿ, ಅಷ್ಟು.

ನನಗೇ ಆದದ್ದು ಹೇಳುತ್ತೇನೆ. ವರ್ಷಗಳ ಹಿಂದೆ ಒಂದು ಎಂಜಿನ್ನಿನ ಇಂಧನದ ಪೈಪ್ ಸರಿಸಬೇಕಾಗಿ ಬಂತು, ಅದರ ಹಿಂದಿನ ಭಾಗ ನೋಡಲು. ನೋಡಿದೆ, ಪೈಪ್ ವಾಪಸ್ ಕೂರಿಸಿ ನಟ್ ಅನ್ನು ಬೆರಳಿನಿಂದ ಬಿಗಿ ಮಾಡಿದೆ. ಸ್ಪ್ಯಾನರ್ ತರಲು ತಿರುಗುವಷ್ಟರಲ್ಲಿ ಯಾರೋ ಕರೆದರು, ಒಂದು ಫೋನ್. ಹತ್ತು ನಿಮಿಷ ಬಿಟ್ಟು ಬಂದು ಮುಂದಿನ ಕೆಲಸಕ್ಕೆ ಕೈ ಹಾಕಿದೆ. ಆ ನಟ್ ನೋಡುವವರಿಗೆ ಬಿಗಿಯಾದ ಹಾಗೇ ಕಾಣುತ್ತಿತ್ತು. ಸಂಜೆ ಕೌಲಿಂಗ್ ಹಾಕುವ ಮೊದಲು ನನ್ನ ಹಿರಿಯ ಸಹೋದ್ಯೋಗಿ ಸುಮ್ನೆ ಒಂದೊಂದಕ್ಕೂ ಕೈ ಮುಟ್ಟಿಸಿ ನೋಡುತ್ತಾ ಬಂದರು. ಆ ನಟ್ ಅವರ ಬೆರಳಿಗೇ ತಿರುಗಿತು. ಅವರು ಏನೂ ಬೈಯಲಿಲ್ಲ, ನನ್ನನ್ನು ಕರೆದು ನನ್ನ ಬೆರಳನ್ನು ಅಲ್ಲಿ ಇಡಿಸಿದರು. ಮಾರನೆಯ ಬೆಳಗ್ಗೆ ಆ ವಿಮಾನದಲ್ಲಿ ಒಂದು ಕುಟುಂಬ ಹೊರಡುವುದಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅವತ್ತಿನಿಂದ ಕೆಲವು ಕಟ್ಟುನಿಟ್ಟು. ನಟ್ ಹಾಕಿದರೆ ಪೂರ್ತಿ ಬಿಗಿ ಮಾಡಬೇಕು, ಇಲ್ಲವಾದರೆ ಹಾಕಲೇಬಾರದು, ನಡುವಿನ ಸ್ಥಿತಿ ಇಲ್ಲ. ಅಳತೆಯ ಬಿಗಿ ಆದ ಮೇಲೆ ನಟ್‌ನಿಂದ ಪಕ್ಕದ ಲೋಹಕ್ಕೆ ದಾಟುವ ಹಾಗೆ ಬಣ್ಣದ ಗೆರೆ ಎಳೆಯುತ್ತೇನೆ, ಗೆರೆ ಇಲ್ಲದ್ದು ಮುಗಿದಿಲ್ಲದ್ದು. ಸೇಫ್ಟಿ ವೈರ್ ಹಾಕುವಾಗ ಅದು ಬೋಲ್ಟ್ ಅನ್ನು ಬಿಗಿಯಾಗುವ ದಿಕ್ಕಿಗೆ ಎಳೆಯುತ್ತಿದೆಯಾ ಅಂತ ನಿಂತು ನೋಡುತ್ತೇನೆ, ಅವಸರದಲ್ಲಿ ಉಲ್ಟಾ ಸುತ್ತಿದರೆ ವೈರ್ ಇದ್ದೂ ಇಲ್ಲದಂತೆ. ಕೆಲಸದ ನಡುವೆ ಯಾರಾದರೂ ಕರೆದರೆ, ಕೈಯಲ್ಲಿದ್ದದ್ದು ಮುಗಿಸಿ ಹೋಗುತ್ತೇನೆ, ಆಗದಿದ್ದರೆ ಅಲ್ಲಿ ಕೆಂಪು ಪಟ್ಟಿ ಕಟ್ಟಿ ಹೋಗುತ್ತೇನೆ. ವಾಪಸ್ ಬಂದಾಗ ಎರಡು ಹೆಜ್ಜೆ ಹಿಂದಿನಿಂದ ಶುರು. ಮತ್ತೆ, ಮುಚ್ಚುವ ಮೊದಲು ಬೇರೆಯವರ ಕಣ್ಣು. ನಾನೇ ಮಾಡಿದ ಕೆಲಸದಲ್ಲಿ ನನ್ನ ಕಣ್ಣು ಮಾಡಿದ್ದನ್ನೇ ನೋಡುತ್ತದೆ, ಮಾಡದೇ ಬಿಟ್ಟದ್ದು ಅದಕ್ಕೆ ಕಾಣುವುದಿಲ್ಲ.

ಇದರಲ್ಲಿ ನಿಮ್ಮ ಪಾಲೂ ಇದೆ. ಗಡಿಬಿಡಿ ಮಾಡಬೇಡಿ, ನಾಳೆ ಬೆಳಗ್ಗೆಗೇ ಬೇಕು ಅಂತ ಫೋನ್ ಮಾಡಬೇಡಿ. ಹಾರುವಾಗ ಗಮನಿಸಿದ್ದನ್ನು ಬರೆದು ತನ್ನಿ. ಎಡ ಬ್ರೇಕ್ ಸ್ವಲ್ಪ ಮೆತ್ತಗಾಗಿದೆ, ಬಲ ಮ್ಯಾಗ್ನೆಟೊಗೆ (ಸ್ಪಾರ್ಕ್ ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಯಂತ್ರ) ತಿರುಗಿಸಿದಾಗ ಎಂಜಿನ್ ಒರಟಾಗುತ್ತದೆ, ಎಣ್ಣೆ ಮೊದಲಿಗಿಂತ ಬೇಗ ಇಳಿಯುತ್ತಿದೆ, ಇಂಥ ಒಂದು ಸಾಲು ನನಗೆ ಅರ್ಧ ದಿನದ ಹುಡುಕಾಟ ಉಳಿಸುತ್ತದೆ. ಮ್ಯಾಗ್ನೆಟೊ ಅಂದಾಗ ನೆನಪಾಯಿತು. ಸ್ವಿಚ್ ಆಫ್ ಮಾಡಿದಾಗ ಮ್ಯಾಗ್ನೆಟೊ ಅನ್ನು ಸುಮ್ಮನಾಗಿಸುವುದು ಅದನ್ನು ಗ್ರೌಂಡ್ ಮಾಡುವ ಒಂದು ವೈರ್. ಅದು ತುಂಡಾಗಿದ್ದರೆ ಕೀ ನಿಮ್ಮ ಜೇಬಿನಲ್ಲಿದ್ದರೂ ಪ್ರೊಪೆಲರ್ ಅನ್ನು ಕೈಯಲ್ಲಿ ಸ್ವಲ್ಪ ತಿರುಗಿಸಿದರೆ ಎಂಜಿನ್ ಶುರುವಾಗಬಹುದು. ಪ್ರೊಪೆಲರ್ ಹತ್ತಿರ ಯಾವಾಗಲೂ ಅದು ಈಗಲೇ ತಿರುಗುತ್ತದೆ ಅಂತಲೇ ನಿಲ್ಲಿ.

ಸಭೆಯಲ್ಲಿ ಒಬ್ಬರು ಕೇಳಿದರು, ತಪಾಸಣೆ ಮುಗಿದು ವಿಮಾನ ಕೈಗೆ ಬಂದ ದಿನ ನಾವು ಏನು ಮಾಡಬೇಕು ಅಂತ. ಒಳ್ಳೆಯ ಪ್ರಶ್ನೆ. ಅವತ್ತು ದೂರ ಹೋಗಬೇಡಿ, ಯಾರನ್ನೂ ಕೂರಿಸಿಕೊಳ್ಳಬೇಡಿ, ಹಗಲು ಹೊತ್ತು ಮೋಡ ಇಲ್ಲದಾಗ ಮಾತ್ರ ಹಾರಿ. ಹೊರಡುವ ಮೊದಲು ಸುತ್ತ ಬಂದು ನೋಡುವಾಗ ಮಾಮೂಲಿಗಿಂತ ಎರಡರಷ್ಟು ಸಮಯ ಕೊಡಿ. ಟ್ಯಾಂಕ್‌ನ ತಳದಿಂದ ಇಂಧನ ಹಿಡಿದು ಬಣ್ಣ ನೋಡಿ. ಸಣ್ಣ ವಿಮಾನಗಳಿಗೆ ಹಾಕುವ 100ಎಲ್‌ಎಲ್ ಪೆಟ್ರೋಲ್ ನೀಲಿ ಇರಬೇಕು. ಸೀಸೆಯಲ್ಲಿ ನೀರಿನ ಗೆರೆ ಕಾಣಲಿಲ್ಲ ಅಂತ ಖುಷಿಪಡುವ ಮೊದಲು, ಹಿಡಿದದ್ದು ಪೂರ್ತಿ ನೀರೇ ಆಗಿದ್ದರೂ ಗೆರೆ ಕಾಣುವುದಿಲ್ಲ ಅನ್ನೋದು ನೆನಪಿರಲಿ. ಒಳಗೆ ಕೂತು ಎರಡೂ ಹೆಬ್ಬೆರಳು ಮೇಲೆ ಮಾಡಿ ಕಂಟ್ರೋಲ್ ಹಿಡಿಯಿರಿ, ಎಡಕ್ಕೆ ತಿರುಗಿಸಿದಾಗ ಹೆಬ್ಬೆರಳು ಎಡಕ್ಕೆ ಬಾಗುತ್ತದೆ, ಎಡ ರೆಕ್ಕೆಯ ಐಲೆರಾನ್, ಅಂದರೆ ಹಿಂದಿನ ಅಂಚಿನ ಚಲಿಸುವ ಪಟ್ಟಿ, ಮೇಲೆ ಎದ್ದಿರಬೇಕು. ಕೇಬಲ್ ಅದಲು ಬದಲು ಜೋಡಿಸಿದ ವಿಮಾನಗಳು ನೆಲ ಬಿಟ್ಟ ಮೇಲೆ ಪೈಲಟ್‌ಗೆ ಅದು ಗೊತ್ತಾದದ್ದು ಇದೆ. ಕಂಟ್ರೋಲ್ ಚಲಿಸುತ್ತಿದೆ ಅನ್ನೋದು ಸಾಲದು, ಸರಿಯಾದ ದಿಕ್ಕಿಗೆ ಚಲಿಸುತ್ತಿದೆಯಾ ಅಂತ ಕಿಟಕಿಯಿಂದ ಇಣುಕಿ ನೋಡಿ.

ಆಮೇಲೆ ಎಂಜಿನ್ ನೆಲದ ಮೇಲೆ ಚೆನ್ನಾಗಿ ಓಡಿಸಿ, ಎಣ್ಣೆಯ ಒತ್ತಡ ನೋಡಿ, ಮೇಲೇರಿ, ವಿಮಾನ ನಿಲ್ದಾಣ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ಸ್ವಲ್ಪ ಹೊತ್ತು ಸುತ್ತಿ, ಇಳಿದುಬಿಡಿ. ಇಳಿದ ಮೇಲೆ ಕೌಲಿಂಗ್ ಇನ್ನೊಮ್ಮೆ ತೆಗೆಯಿರಿ, ನಿಮ್ಮ ಮೆಕ್ಯಾನಿಕ್ ಅನ್ನೂ ಕರೆಯಿರಿ. ಬಿಚ್ಚಿ ಜೋಡಿಸಿದ ಪ್ರತಿಯೊಂದು ಜಾಗಕ್ಕೂ ಟಾರ್ಚ್ ಹಿಡಿದು ನೋಡಿ. ಫಿಲ್ಟರ್‌ನ ಬುಡ, ಎಣ್ಣೆ ಬಸಿಯುವ ಬಿರಡೆ, ಇಂಧನದ ಪೈಪಿನ ಜೋಡಣೆಗಳು. ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆ ಒಣಗಿದ್ದರೆ ಕೌಲಿಂಗ್ ಮುಚ್ಚಿ, ಮರುದಿನ ಮನೆಯವರನ್ನು ಕರೆದುಕೊಂಡು ಹೊರಡಿ.